ವರನನ್ನು ನೋಡಲು ಜೋಗೇಶ್ವರಿಗೆ

ಆ ಭಾನುವಾರ ಏನೇನು ಕೆಡಬಹುದು ಎಂಬುದನ್ನು ನಾನು ಶನಿವಾರವೇ ಕೂತು ಯೋಚಿಸಿಟ್ಟಿದ್ದೆ. ಬೋರಿವಲಿ ಲೋಕಲ್ ಅಂದುಕೊಂಡು ಅಂಧೇರಿಯದನ್ನು ಹತ್ತಿ ಒಂದು ಸ್ಟೇಷನ್ ಮೊದಲೇ ಉಳಿದುಬಿಡಬಹುದು. ಮಳೆಗೆ ತಂಗಿಯ ಸೀರೆ, ನನ್ನ ಕೋಟು, ಪೇಡೆಯ ಪೊಟ್ಟಣ ಎಲ್ಲಾ ತೊಯ್ಯಬಹುದು. ಹುಡುಗನ ತಾಯಿ ನಮ್ಮನ್ನು ನೋಡಿ ಬಾಗಿಲು ಹಾಕಿಕೊಳ್ಳಬಹುದು. ಸರಿಯಾಗಿ ಹೊಸ್ತಿಲ ಮೇಲೆ ನನಗೆ ಸೀನು ಬರಬಹುದು. ಸುದ್ದಿ ಸೋಮವಾರದೊಳಗೆ ನಮ್ಮೂರು ಧಾರವಾಡ ಮುಟ್ಟಿ, ಇನ್ನು ಮುಂದೆ ನಮ್ಮ ತಂಗಿಯನ್ನು ನೋಡಲು ಯಾರೂ ಬಾರದೇ ಹೋಗಬಹುದು. ಇದನ್ನೆಲ್ಲ ಕೇಳಿ ಅವ್ವ ಮೂರ್ಛೆ ಹೋಗಬಹುದು. ಅದಕ್ಕೆ ಅವಳು ಆಗಲೇ ತಯಾರಾಗಿ ಗೋಡೆಗೆ ಒರಗಿ ಕೂತಿದ್ದಳು.

ಇಷ್ಟಕ್ಕೂ ಕಾರಣ ತಂಗಿಯ ಒಂದು ಪ್ರಶ್ನೆ. ಅಪ್ಪ ತೀರಿಕೊಂಡ ಮೇಲೆ ಅವಳ ಮದುವೆ ನನ್ನ ಕೊರಳಿಗೆ ಬಿದ್ದಿತ್ತು. ಗ್ರಾಂಟ್ ರೋಡಿನ ನಮ್ಮ ಚಾಳಿನ ಒಂದೇ ಖೋಲಿಗೆ ಅಷ್ಟರಲ್ಲಿ ಏಳು ಕಡೆಯವರು ಅವಳನ್ನು ನೋಡಲು ಬಂದು ಹೋಗಿದ್ದರು. ಏಳೂ ಸಲ ಉಪ್ಪಿಟ್ಟು, ಶಿರಾ, ಹಾಡು. ಎಂಟನೆಯವರ ಮಾತು ಬಂದಾಗ, ಕನ್ನಡ ಸಾಲೆಯಲ್ಲಿ ಟೀಚರಾಗಿದ್ದ ಅವಳು ಹುಡುಗರ ನೋಟ್‌ಬುಕ್ ತಿದ್ದುತ್ತ ತಲೆ ಎತ್ತದೆ ಕೇಳಿದಳು: "ಅಣ್ಣಾ, ಅವರ ಯಾಕ ಬರಬೇಕು? ನಾನ ಹೋಗಿ ನೋಡಿ ಬರ್ತೀನಿ."

"ಹಂಗ ಮಾಡೂದಿಲ್ಲವಾ."

"ಯಾರು ಹೇಳ್ಯಾರ?"

ಯಾರು ಹೇಳಿದ್ದರೋ ನನಗೂ ಗೊತ್ತಿರಲಿಲ್ಲ. ಅವ್ವನನ್ನು ಕೇಳಿದರೆ ಅವಳು ತನ್ನ ಅತ್ತೆಯ ಹೆಸರು ಹೇಳಿದಳು. ಅತ್ತೆ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಚಾಳಿನ ತುದಿಯ ಖೋಲಿಯ ಭಟ್ಟರ ಹತ್ತಿರ ಹೋದೆ. ಅವರು ಬಹಳ ಹೊತ್ತು ಕಣ್ಣು ಮುಚ್ಚಿ, "ಮಾಡಬೇಕು ಅಂತ ಶಾಸ್ತ್ರದಾಗ ಎಲ್ಲೂ ಬರದಿಲ್ಲ. ಮಾಡಬಾರದು ಅಂತನೂ ಬರದಿಲ್ಲ. ಆದ್ರ ಯಾರೂ ಮಾಡೂದಿಲ್ಲ" ಎಂದರು. ನಲವತ್ತು ವರ್ಷ ನಾನು ಯಾರಿಗೆ ಹೆದರಿ ಬದುಕಿದ್ದೆನೋ ಆ ಮನುಷ್ಯ ಯಾವ ಖೋಲಿಯಲ್ಲೂ ಸಿಗಲಿಲ್ಲ. ಕೊನೆಗೆ ಹುಡುಗನ ತಂದೆಗೆ ಒಂದು ಕಾರ್ಡು ಬರೆದೆ. ಉತ್ತರ ಒಂದೇ ಸಾಲು: "ಅವಶ್ಯ ಬರ್ರಿ, ಭಾನುವಾರ ಮೂರಕ್ಕ."

ಜೋಗೇಶ್ವರಿ ಸ್ಟೇಷನ್ನಿಗೆ ಹುಡುಗನೇ ಬಂದಿದ್ದ. ಯಾವುದೋ ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ಸಂಕೋಚಕ್ಕೆ ನಾನು ಅವನ ಮುಖ ನೋಡದೆ ಕಾಲು ನೋಡಿದೆ: ನಮ್ಮೆಲ್ಲರಂತೆ ಕೊಲ್ಹಾಪುರಿ ಚಪ್ಪಲಿ, ಎಡ ಚಪ್ಪಲಿಯ ಕಿತ್ತುಹೋದ ಉಂಗುಟದ ಪಟ್ಟಿಯನ್ನು ತಾಮ್ರದ ತಂತಿಯಿಂದ ಬಿಗಿದಿದ್ದ.

ವರನನ್ನು ನೋಡಲು ಹುಡುಗಿ ಬಂದಿದ್ದಾಳೆಂದು ಅವರ ಇಡೀ ಚಾಳು ಖೋಲಿಯೊಳಗೆ ತುಂಬಿತ್ತು, ಬಾಗಿಲ ಹೊರಗೆ ಚಪ್ಪಲಿಗಳ ಗುಡ್ಡೆ. ನಾನೂ ತಂಗಿಯೂ ಚಾಪೆಯ ಮೇಲೆ ಕೂತೆವು. ಹುಡುಗ ತಲೆ ತಗ್ಗಿಸಿ ಉಪ್ಪಿಟ್ಟಿನ ತಾಟು ಹಿಡಿದು ಒಳಗಿನಿಂದ ಬಂದ. ಅವನ ತಾಯಿ ಅಡಿಗೆಯ ಮೂಲೆಯಿಂದ ಇಣುಕುತ್ತಿದ್ದಳು, ಥೇಟ್ ನಮ್ಮ ಅವ್ವ.

"ಏನರ ಕೇಳೂದಿದ್ರ ಕೇಳವಾ," ಎಂದರು ಹುಡುಗನ ತಂದೆ, ನಗು ತಡೆಯುತ್ತ.

ತಂಗಿ ಗಂಭೀರವಾಗಿ ಕೇಳಿದಳು: "ಹಾಡಲಿಕ್ಕೆ ಬರ್ತದೇನ್ರಿ?"

"ಇಲ್ರೀ."

"ನನಗೂ ಬರೂದಿಲ್ರಿ. ಏಳು ಸಲ ಹಾಡೀನಿ."

ಚಾಳಿಗೆ ಚಾಳೇ ನಕ್ಕಿತು. ಹುಡುಗ ಮೊದಲ ಸಲ ತಲೆ ಎತ್ತಿದ. "ಹತ್ತೊಂಬತ್ತರ ಮಗ್ಗಿ ಬರ್ತದ್ರಿ, ನಡೀತದೇನು?" ಎಂದವನೇ ರಾಗ ಎಳೆದು ಶುರು ಮಾಡಿಯೇ ಬಿಟ್ಟ. ಆರರ ತನಕ ಗಾಡಿ ಸರಾಗ ಓಡಿತು, ಏಳಕ್ಕೆ ನಿಂತಿತು. ಬಾಗಿಲಲ್ಲಿದ್ದ ಅಜ್ಜಿಯೊಬ್ಬಳು, "ಪಾಪ, ನೀರು ಕೊಡ್ರೆ ಅವಗ" ಎಂದಳು.

"ನೂರಾ ಮೂವತ್ಮೂರು," ಎಂದಳು ತಂಗಿ, ಸಾಲೆಯ ದನಿಯಲ್ಲಿ.

"ಹೌದ್ರಿ," ಎಂದು ಅವನು ಮುಂದಿನದನ್ನೂ ಮುಗಿಸಿ ಕೂತು ಬೆವರು ಒರೆಸಿಕೊಂಡ. ಅವನ ತಾಯಿ ಸೆರಗು ಬಾಯಿಗೆ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಯಾರೂ ಬಾಗಿಲು ಹಾಕಲಿಲ್ಲ. ಸೀನು ಬರಲಿಲ್ಲ. ಮಳೆ ಸಹ ಹೊರಗೆ ನಿಂತು ಕೇಳಿದಂತಿತ್ತು. ಇಷ್ಟು ಸುಖ ನನಗೆ ತಡೆಯಲಾಗದೆ, ಗಾಡಿ ತಪ್ಪೀತೆಂದು ಹೇಳಿ ಎದ್ದೆ. ಬಾಗಿಲ ಗುಡ್ಡೆಯಲ್ಲಿ ಕಾಲು ತೂರಿಸಿ ಸ್ಟೇಷನ್ನಿಗೆ ಹೆಚ್ಚುಕಡಿಮೆ ಓಡಿದೆ.

ತಂಗಿಗೆ ಹುಡುಗ ಒಪ್ಪಿಗೆಯೋ ಅಲ್ಲವೋ ಕೇಳಲು ನನಗೆ ದಾರಿಯುದ್ದ ಧೈರ್ಯ ಬರಲಿಲ್ಲ. ಸಾಂತಾಕ್ರೂಜ್ ದಾಟಿದ ಮೇಲೆ ಅವಳು ನನ್ನ ಕಾಲು ನೋಡಿದಳು.

"ಅಣ್ಣಾ, ಒಂದು ನಿಂದಲ್ಲ."

ಬಲಗಾಲಿನದು ನನ್ನದೇ. ಎಡಗಾಲಿನದರ ಉಂಗುಟದಲ್ಲಿ ತಾಮ್ರದ ತಂತಿ ಮಿಂಚುತ್ತಿತ್ತು.

ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡೆ. "ಮುಂದಿನ ಭಾನುವಾರ ಕೊಟ್ಟು ಬರ್ತೀನಿ ಬಿಡು," ಎಂದೆ.

"ಮುಂದಿನ ಭಾನುವಾರ?" ಅವಳು ನನ್ನ ಕಡೆ ತಿರುಗಿಯೇ ಕೂತಳು. "ನಾಳೆ ಡ್ಯೂಟಿಗೆ ಹ್ಯಾಂಗ ಹೋಗ್ತಾರವರು?"

"ಡ್ಯೂಟಿಗೆ ಬೂಟು ಹಾಕ್ಕೋತಾನಂತ. ಉಪ್ಪಿಟ್ಟು ತಿನ್ನೂವಾಗ ಅವರ ತಾಯಿ ಹೇಳಲಿಲ್ಲೇನು?"

ಅವಳು ಕಿಟಕಿಯಾಚೆ ಮೋಡ ನೋಡಿದಳು.

"ಮಳೀಗೆ ಬೂಟು ತೊಯ್ದಿದ್ರ?" ಎಂದಳು. "ನಾಳೆ ಸಾಲಿ ಬಿಟ್ಟ ಕೂಡಲೆ ಇಬ್ಬರೂ ಹೋಗಿ ಬರೂಣು."

ನಮ್ಮ ಮನೆಯಲ್ಲಿ ಚಿಂತೆ ಮಾಡುವವನು ನಾನೊಬ್ಬನೇ ಎಂದು ಅಲ್ಲಿಯತನಕ ತಿಳಿದಿದ್ದೆ.