ಪೊರಿರುವಾದಲ್ಲಿ ನಾನು ಮುಚ್ಚದೆ ಬಿಟ್ಟ ವಾಲ್ವ್

೨೦೧೭ರಲ್ಲಿ, ನನ್ನ ನಲವತ್ತೊಂದನೆಯ ವಯಸ್ಸಿನಲ್ಲಿ, ನಾನು ಮಾಡಿದ ತಪ್ಪನ್ನು ಸಿಯೋನೆ ಎಂಬ ಸಹೋದ್ಯೋಗಿಯ ಹೆಸರಿಗೆ ಬರೆದು ಅವನ ಕೆಲಸ ಕಳೆದೆ. ಆತುರದಲ್ಲಿ ಬರೆದದ್ದಲ್ಲ, ಯೋಚಿಸಿ ಬರೆದದ್ದು.

ಇನ್ನೊಂದನ್ನೂ ಈಗಲೇ ಹೇಳಿಬಿಡುತ್ತೇನೆ. ಈ ಪರದೇಶದ ಕನ್ನಡಿಗರಾದ ನೀವು ನನ್ನನ್ನು ‘ನೀರಿನ ಗುಣಮಟ್ಟದ ಅಧಿಕಾರಿ’ ಎಂದು ಬಲ್ಲಿರಿ. ನಾನು ಅಧಿಕಾರಿಯಲ್ಲ. ಪ್ರವಾಸಿಗರು ಮನೆಯಂತೆ ಬಳಸುವ ಕ್ಯಾಂಪರ್‌ವ್ಯಾನುಗಳ ಶೌಚದ ಟ್ಯಾಂಕುಗಳನ್ನು ಖಾಲಿ ಮಾಡುವ ಲಾರಿಯ ಕೆಲಸಗಾರ. ಗದಗಿನ ಪ್ರೌಢಶಾಲೆಯಲ್ಲಿ ಹದಿಮೂರು ವರ್ಷ ಸಂಧಿ ಸಮಾಸ ತಿದ್ದಿದ ಕೈಯೇ ಇದು. ಈ ಕೆಲಸಕ್ಕಾಗಿ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ — ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ.

ಅದಕ್ಕೊಂದು ಕ್ರಮವಿದೆ, ಕ್ರಮವೆಂದರೆ ನನಗೆ ಪ್ರಾಣ. ವ್ಯಾನಿನ ಅಡಿಯ ಬಾಯಿಗೆ ದಪ್ಪ ಪೈಪನ್ನು ಬಿಗಿದು, ವಾಲ್ವನ್ನು ಎಳೆದು ತೆರೆದರೆ, ಲಾರಿಯ ಪಂಪು ಒಳಗಿನದನ್ನು ಹೀರುತ್ತದೆ. ಮೊದಲು ಶೌಚದ ಟ್ಯಾಂಕು. ಆಮೇಲೆ ಪಾತ್ರೆ ತೊಳೆದ ನೀರಿನದು — ಆ ನೀರೇ ಪೈಪನ್ನು ತೊಳೆಯುತ್ತದೆ. ಎಲ್ಲ ಮುಗಿದ ಮೇಲೆ ವಾಲ್ವ್ ಮುಚ್ಚಿ, ಅನಂತರವೇ ಪೈಪು ಕಳಚಬೇಕು. ತೆರೆದವನೇ ಮುಚ್ಚಬೇಕು. ಈ ನಿಯಮವನ್ನು ಸಿಯೋನೆಗೆ ಕಲಿಸಿದವನು ನಾನೇ.

ಅಂದು ಪೊರಿರುವಾ ಎಂಬ ಊರಿನ ಕಡಲಬದಿಯ ಮೈದಾನದಲ್ಲಿ ಒಂದು ಬಾಡಿಗೆ ವ್ಯಾನಿನ ವಾಲ್ವನ್ನು ತೆರೆದಿದ್ದೆ, ಅಷ್ಟೆ. ವ್ಯಾನಿನ ಬಾಗಿಲು ತೆರೆಯಿತು.

“ಸರ! ನೀವಾ? ನಾ ಅನಿತಾರೀ, ಒಂಬತ್ತನೇತ್ತಾ!”

ನನ್ನ ವಿದ್ಯಾರ್ಥಿನಿ, ಈಗ ಆಕ್ಲೆಂಡಿನಲ್ಲಿ ನರ್ಸ್. ಹಿಂದೆ ಅವಳ ಅತ್ತೆ, ಮೂಗಿಗೆ ಸೆರಗು ಹಿಡಿದು: “ಯಾರವಾ ಇಂವ?”

“ನಮ್ಮ ಕನ್ನಡ ಸರ್ರೀ ಅತ್ತಿ. ಒಂದ್ ಒತ್ತಕ್ಷರ ತಪ್ಪಿದ್ರ ನೂರ್ ಸಲ ಬರಸ್ತಿದ್ರು!”

ಮಾವ ಒಳಗಿನಿಂದಲೇ ನಕ್ಕರು. “ಹೊಲಸ ತಗಿಯಾಂವ್ ಬರ್ತಾನಂದ್ರ ಮಾಸ್ತರ್ನ ಕಳಿಸ್ಯಾರಲ್ಲಾ!”

ನಾನು ಕೈಗವಸುಗಳನ್ನು ಬೆನ್ನ ಹಿಂದೆ ಕಳಚಿದೆ. “ನಾ ಸೂಪರ್‌ವೈಸರ್ ಅದೀನ್ರಿ. ಕೆಲಸದಾಂವ ಅಲ್ಲಿದಾನ,” ಎಂದು ಲಾರಿಯ ಬಳಿಯಿದ್ದ ಸಿಯೋನೆಯತ್ತ ಕೈತೋರಿಸಿದೆ.

ಅನಿತಾ ಚಹಾ ಕೊಟ್ಟಳು. ಪೈಪಿಗೆ ಬೆನ್ನು ಹಾಕಿ ಕುಡಿಯುತ್ತ ನಿಂತೆ. ಸಿಯೋನೆ ಬಂದು ಇಂಗ್ಲಿಷಿನಲ್ಲಿ ಕೇಳಿದ: “ಮುಗೀತಾ, ಮೇಟ್? ಮುಚ್ಚಿದ್ಯಾ?”

ಆ ಪ್ರಶ್ನೆ ನನಗೆ ಸೇರಿದ್ದೆಂದು ಅವರ ಮುಂದೆ ಒಪ್ಪಿಕೊಳ್ಳಲು — ಆಗಲಿಲ್ಲ. ತಿರುಗದೆಯೇ ಹೌದೆಂದು ತಲೆಯಾಡಿಸಿದೆ. ಅವನು ಪಂಪು ನಿಲ್ಲಿಸಿದ, ಪೈಪು ಕಳಚಿದ. ಟ್ಯಾಂಕಿನಲ್ಲಿ ಉಳಿದದ್ದೆಲ್ಲ ಅವನ ಕಾಲುಗಳ ಮೇಲೆ, ಹುಲ್ಲಿನ ಮೇಲೆ, ಮಳೆನೀರಿನ ಚರಂಡಿಯೊಳಗೆ — ಅಲ್ಲಿಂದ ಕಡಲಿಗೆ.

ಸಂಜೆ ಲಾರಿಯ ಮಾಲೀಕರು ಇಬ್ಬರನ್ನೂ ನಿಲ್ಲಿಸಿ ಕೇಳಿದರು: “ವಾಲ್ವ್ ತೆರೆದವರು ಯಾರು?”

“ಇವನೇ,” ಎಂದೆ.

ಒಂದೇ ಪದ. ಸಿಯೋನೆ ನನ್ನ ಮುಖವನ್ನು ನೋಡಿದ. ಅವನು ಏನು ಹೇಳಿದ್ದರೂ ನಡೆಯುತ್ತಿರಲಿಲ್ಲ — ವರದಿ ಬರೆಯುವವನು ನಾನು, ನನ್ನ ವರದಿಗಳಲ್ಲಿ ಅಲ್ಪವಿರಾಮವೂ ತಪ್ಪುವುದಿಲ್ಲವೆಂದು ಮಾಲೀಕರಿಗೆ ಹೆಮ್ಮೆ. ಕರ್ತೃವಿಲ್ಲದ ವಾಕ್ಯ ಬರೆದು ಅವನನ್ನು ಉಳಿಸಬಹುದಿತ್ತು. ಕರ್ತೃವನ್ನು ಬರೆದೆ: ಸಿಯೋನೆ. ವಾರದೊಳಗೆ ಅವನ ಕೆಲಸ ಹೋಯಿತು.

ವೀಸಾ, ಸಂಸಾರ, ಭಯ — ಕಾರಣಗಳನ್ನು ಬರೆಯಲು ನನಗೂ ಬರುತ್ತದೆ. ಬರೆಯುವುದಿಲ್ಲ.

ಅದಾದ ಏಳನೆಯ ವರ್ಷದಲ್ಲಿ, ರಿಕ್ಕರ್ಟನ್ನಿನಲ್ಲಿರುವ ವೈದ್ಯ ಮಿತ್ರರೊಬ್ಬರಿಗೆ ಮೊದಲು ಹೇಳಿದೆ. “ಈಗ್ಯಾಕ್ ಸರ್ ಇದೆಲ್ಲಾ? ಮಗಳಿಗೆ ಗಂಡು ನೋಡ್ತಿದೀರಿ. ಅವ್ರ ಕಿವಿಗೆ ಬಿದ್ರೆ?” ಎಂದರು. ಬೀಳಲಿ. ಗಂಡಿನ ಮನೆಯವರು ಇದನ್ನು ಎರಡು ಸಲ ಓದಲಿ. ಅಪ್ಪನ ಲಾರಿಯನ್ನು ಕಂಡು ಹಿಂದೆಗೆಯುವ ಮನೆ ನನ್ನ ಮಗಳಿಗೆ ಬೇಡ. ಅಪ್ಪನ ಸುಳ್ಳನ್ನು ಕಂಡು ಹಿಂದೆಗೆದರೆ ಅವರನ್ನು ದೂರಲಾರೆ.

ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಿಯೋನೆಯ ಮನೆಗೆ ಒಯ್ದೆ. ಬಾಗಿಲಲ್ಲೇ ನಿಂತು ಓದಿದ. “ಎಲ್ರೆದುರು ನಲ್ಲಿ ಕೆಳಗೆ ನಿಂತು ಮೈ ತೊಳ್ಕೊಂಡೆ. ಆ ವ್ಯಾನಿನವ್ರು ಫೋನಲ್ಲಿ ಫೋಟೊ ತೆಗೆದ್ರು. ಅದ್ನೂ ಬರಿ,” ಎಂದ. ಬರೆದೆ. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ, ಒಳಗೆ ಕರೆಯಲೂ ಇಲ್ಲ. ನಾನೂ ಕೇಳಲಿಲ್ಲ.

ಆ ಹಾಳೆಯನ್ನು ಮಾಲೀಕರ ಮುಂದಿಟ್ಟೆ. ಅವರು ಹಳೆಯ ವರದಿಯಲ್ಲಿ ಸಿಯೋನೆಯ ಹೆಸರನ್ನು ಹೊಡೆದು ನನ್ನ ಹೆಸರನ್ನು ಬರೆದರು. ನನ್ನನ್ನು ಕೆಲಸದಿಂದ ತೆಗೆದರು. ಈಗ ಬೇರೊಬ್ಬರ ಲಾರಿಯಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ, ಕೇಳಿದವರಿಗೆಲ್ಲ ಹೇಳುತ್ತೇನೆ. ವರದಿ ತಿದ್ದಿದ್ದು ೨೦೨೪ರ ಮಾರ್ಚ್ ೧೧, ಸೋಮವಾರ.