ಸಹಿ ಹಾಕಬಾರದ ಗೋಡೆ

ಇಬಾದಾನಿನ ಮೊಕೊಲಾ ಬೀದಿಯಲ್ಲಿ ಮುಫ್ತಾವುವಿನ ಕುಂಚ ಮುಟ್ಟದ ಗೋಡೆ ಇರಲಿಲ್ಲ. ಕ್ಷೌರದಂಗಡಿ, ಬಸ್ಸಿನ ಬೆನ್ನು, ಹೊಲಿಗೆ ಶಾಲೆ, ಎಲ್ಲದರ ಬಲಮೂಲೆಯಲ್ಲೂ ಅವನ ಸಹಿ. ಮೂವತ್ತು ವರ್ಷ ನೂಲು ಹಿಡಿದಂತೆ ಅಕ್ಷರ ಬರೆದವನಿಗೆ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡುವಂಥ ಕೈಯೇ ಅದು.

ಆ ಶುಕ್ರವಾರ ನಮಾಜಿಗೆಂದು ಬಿಳಿ ಅಂಗಿ ತೊಟ್ಟು ಹೊರಟವನನ್ನು ಅದೇ ಬೀದಿಯ ಇಯಾ ಸಿಕಿರಾ, ಅಂದರೆ ಸಿಕಿರಾಳ ಅಮ್ಮ, ಅಡ್ಡಗಟ್ಟಿದಳು. ಅವಳ ಗಂಡ ಸತ್ತು ಎರಡು ವರ್ಷವಾಗಿತ್ತು. ಮನೆಯ ಕಾಗದ ಲೇಗೋಸಿನಲ್ಲಿದ್ದ ಮೈದುನ ಲಸೀಸಿಯ ಕೈ ಸೇರಿತ್ತು.

"ಮನೆ ಕೊಳ್ಳೋನ್ನ ಕರ್ಕೊಂಡು ಈಗ್ಲೇ ಬರ್ತಿದಾನಂತೆ. ಬೇಗ ಬರಿ ಬಾ."

"ಹೋದ ತಿಂಗಳೇ ಬರ್ದೆನಲ್ಲ, ಈ ಮನೆ ಮಾರಾಟಕ್ಕಿಲ್ಲ ಅಂತ?"

"ಮುತ್ತಿನಂಗೆ ಬರ್ದೆ, ಅದೇ ಮುಳುವಾಯ್ತು. ಮೋಸಗಾರರು ಮನೆ ಮಾರಬಾರ್ದು ಅಂತ ತಾನೇ ದುಡ್ಡು ಕೊಟ್ಟು ಬರೆಸಿದ್ದು ಅಂತ ಕೊಳ್ಳೋರಿಗೆ ಹೇಳಿ ಲಸೀಸಿ ಸುಣ್ಣ ಹೊಡೆಸ್ದ. ಈ ಸಲ ನಮ್ಮ ಸಿಕಿರಾ ಹೊಟ್ಟೆ ಉರ್ದು ಗೀಚಿದಂಗಿರ್ಬೇಕು. ಅವಳು ದೂರದ ಕಾನೋದಲ್ಲಿದಾಳೆ, ನನಗೆ ಅಕ್ಷರ ಬರಲ್ಲ."

ಬಲಗೈಗೆ ಸೊಟ್ಟ ಬರೆಯಲು ಬರಲಿಲ್ಲ. ಎಡಗೈಯಲ್ಲಿ ಒಂದು ಲೋಟ ನೀರನ್ನೂ ಕೊಡದ ಊರು ಅದು. ಮುಫ್ತಾವು ಹಲ್ಲು ಕಚ್ಚಿ ಎಡಗೈಗೆ ಕುಂಚ ಕೊಟ್ಟ. ಅದೇ ಮಾತಿನ ಅಕ್ಷರಗಳು ಈ ಸಲ ಕುಡಿದವರಂತೆ ಒಂದರ ಮೇಲೊಂದು ವಾಲಿದವು, ಕೆಂಪು ಬಣ್ಣ ಅಡ್ಡಾದಿಡ್ಡಿ ಸೋರಿತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಕಾರು ಬಂತು. ಆಗ ನೋಡುತ್ತಾನೆ: ಕುಂಚ ಬಲಗೈಗೆ ಯಾವಾಗ ಬಂತೋ, ಮೂಲೆಯಲ್ಲಿ ಮುದ್ದಾದ ಸಹಿ ಬಿದ್ದಿದೆ. ಹಾಳು ಅಭ್ಯಾಸ. ಕುಂಚವನ್ನು ಚರಂಡಿಗೆಸೆದು, ಹಸಿ ಸಹಿಗೇ ಬೆನ್ನು ಕೊಟ್ಟು ನಿಂತುಬಿಟ್ಟ.

ಲಸೀಸಿ ಗೋಡೆ ನೋಡಿ ನಕ್ಕ. "ಅತ್ತಿಗೆಗೆ ಅಕ್ಷರಾನೇ ಬರಲ್ಲ, ಅಲ್ಹಾಜಿ. ನಾನೇ ಪೇಂಟರಿಗೆ ಹೇಳಿ ಬರೆಸಿದ್ದು. ಮೂಲೇಲಿ ಅವನ ಹೆಸರಿರುತ್ತೆ ನೋಡಿ."

"ಅಕ್ಷರ ಮಗಳದು, ಸಂಕಟ ನನ್ನದು," ಎಂದಳು ಇಯಾ ಸಿಕಿರಾ.

ಕೊಳ್ಳಲು ಬಂದ ಅಲ್ಹಾಜಿ ಮೂರು ಮೂಲೆ ನೋಡಿ ನಾಲ್ಕನೆಯದಕ್ಕೆ ಬಂದ. "ಸ್ವಲ್ಪ ಸರೀರಿ, ಯಜಮಾನ್ರೇ."

"ಮೊಣಕಾಲು ಹಿಡ್ಕೊಂಡಿದೆ, ಸ್ವಾಮಿ. ಗೋಡೆ ಬಿಟ್ರೆ ಬೀಳ್ತೀನಿ." ಬೆನ್ನಿಗೆ ಬಣ್ಣ ತಣ್ಣಗೆ ಇಳಿಯುತ್ತಿತ್ತು.

ಅಲ್ಹಾಜಿ ಅವನನ್ನು ಬಹಳ ಹೊತ್ತು ನೋಡಿದ, ಮತ್ತೆ ಗೋಡೆ ನೋಡಿದ, ಆಮೇಲೆ ಲಸೀಸಿಯ ಕಡೆ ತಿರುಗಿದ. "ಇಂಥ ದರಿದ್ರ ಅಕ್ಷರಾನ ದುಡ್ಡು ಕೊಟ್ಟು ಯಾರಪ್ಪಾ ಬರೆಸ್ತಾರೆ? ಇದು ಮನೆಯವರದ್ದೇ ಕೈ. ಅಳೋರ ಮನೆ ನನಗೆ ಬೇಡ."

ಮುಫ್ತಾವುವಿಗೆ ಜನ್ಮದಲ್ಲಿ ಯಾರೂ ಅಂಥ ಮಾತು ಆಡಿರಲಿಲ್ಲ. ಆದರೂ ಕಾರು ತಿರುವು ದಾಟುವವರೆಗೂ ಗೋಡೆ ಬಿಡಲಿಲ್ಲ.

ನಮಾಜು ತಪ್ಪಿತ್ತು. ಅಂಗಿಯನ್ನು ಹೆಂಡತಿ ಮೂರು ಸಲ ಒಗೆದರೂ ಬೆನ್ನಿಗಂಟಿದ ಸಹಿಯ ಕೆಂಪು ಹೋಗಲಿಲ್ಲ. ಬೈದು ಹೊಸದನ್ನು ಹೊಲಿಸಿದಳು. ಮುಂದಿನ ಶುಕ್ರವಾರ ಮುಫ್ತಾವು ಹಳೆಯದನ್ನೇ ತೊಟ್ಟು ಹೋಗಿ, ಎಲ್ಲರಿಗೂ ಬೆನ್ನು ಕಾಣುವಂತೆ ಮೊದಲ ಸಾಲಿನಲ್ಲಿ ನಿಂತ.