ಗಂಗವ್ವ ಹೆಬ್ಬೆಟ್ಟು ಒತ್ತದ ಕಾಗದ

1949ರ ಫೆಬ್ರುವರಿಯಲ್ಲಿ ನಾನು ಮುಂಬಯಿಯ ಒಂದು ವಿಮಾ ಕಂಪನಿಯ ಇನ್ಸ್‌ಪೆಕ್ಟರ್ ಆಗಿ ಗೋಕಾಕದಲ್ಲಿದ್ದೆ. ಶಾಖೆ ಇದ್ದದ್ದು ಬೆಳಗಾವಿಯಲ್ಲಿ. ಗೋಕಾಕ ಮತ್ತು ಹುಕ್ಕೇರಿ ತಾಲೂಕುಗಳ ಸುತ್ತಾಟ ನನ್ನ ಪಾಲಿಗೆ ಬಂದಿತ್ತು. ಮೋಟಾರು ಇಟ್ಟವರು ವಿಮೆ ಮಾಡಿಸಲೇಬೇಕೆಂಬ ಕಾಯದೆ ಜಾರಿಯಾಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಪಾಲಿಸಿ ಮಾರುವವನೂ ನಾನೇ, ಅಪಘಾತವಾದರೆ ಹೋಗಿ ನೋಡಿ ವರದಿ ಬರೆಯುವವನೂ ನಾನೇ. ಹೀಗೆ ನೋಡಿ ಬರೆಯುವುದಕ್ಕೆ ಸರ್ವೇ ಎನ್ನುತ್ತಿದ್ದೆವು. ಕೆಲಸಕ್ಕೆ ಸೇರಿ ಹದಿನಾರು ವರ್ಷವಾಗಿತ್ತು. ಖಡಿ ರಸ್ತೆಗಳ ಧೂಳು ಕುಡಿದು ಕೆಮ್ಮು ಅಂಟಿಕೊಂಡಿತ್ತು. ಎಲ್ಲಿಯಾದರೂ ಕಚೇರಿಯೊಳಗೆ ಒಂದು ಕುರ್ಚಿ ಕೊಡಿ ಎಂದು ಎರಡು ಸಲ ಅರ್ಜಿ ಹಾಕಿದ್ದೆ. ಎರಡಕ್ಕೂ ಉತ್ತರ ಬಂದಿರಲಿಲ್ಲ.

ಆ ತಿಂಗಳ ನಡುವೆ ಒಂದು ಕ್ಲೇಮು ಬಂತು. ಮೂಡಲಗಿಯ ಬೆಲ್ಲದ ವ್ಯಾಪಾರಿ ಶಿವಲಿಂಗಪ್ಪನವರು ಒಂದು ಬಸ್ಸು ಇಟ್ಟಿದ್ದರು. ಅದು ಗೋಕಾಕದಿಂದ ಹುಕ್ಕೇರಿಗೆ ಓಡುತ್ತಿತ್ತು. ಕೊಣ್ಣೂರ ದಾಟಿ ಘೋಡಗೇರಿಯ ಕಡೆ ಹೋಗುವಾಗ, ಬೆಳಗಿನ ಎಂಟು ಗಂಟೆಯ ಸುಮಾರಿಗೆ, ಮುಂದಿದ್ದ ಒಂದು ಎತ್ತಿನ ಚಕ್ಕಡಿಗೆ ಬಸ್ಸು ಹಿಂದಿನಿಂದ ತಾಗಿತ್ತು. ಬಸ್ಸಿನ ಎಡಗಡೆಯ ಮಡ್‌ಗಾರ್ಡು ಬಾಗಿ ಒಂದು ದೀಪ ಒಡೆದಿತ್ತು. ಚಕ್ಕಡಿಯ ಒಂದು ಗಾಲಿ ಮುರಿದಿತ್ತು. ಮನುಷ್ಯರಿಗೆ ಏನೂ ಆಗಿರಲಿಲ್ಲ. ಫಾರ್ಮಿನಲ್ಲಿ ಕಾರಣದ ಎದುರು “ಚಕ್ಕಡಿ ಒಮ್ಮೆಲೇ ಬಲಕ್ಕೆ ಹೊರಳಿತು” ಎಂದು ಬರೆದಿತ್ತು. ಒಂದು ದಿನದ ಕೆಲಸ ಎಂದುಕೊಂಡೆ. ಐದು ವಾರ ಹಿಡಿಯಿತು.

ಮೊದಲು ಮೂಡಲಗಿಗೆ ಹೋದೆ. ಶಿವಲಿಂಗಪ್ಪನವರು ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಮೈ ತುಂಬಿದ, ಮಾತು ಮೆತ್ತಗಿನ ಮನುಷ್ಯ. ಇನ್ನು ಮುಂದೆ ಸರಕಾರವೇ ಬಸ್ಸು ಓಡಿಸುತ್ತದಂತೆ ಎಂಬ ಸುದ್ದಿ ಆಗ ಊರೂರು ತಿರುಗುತ್ತಿತ್ತು. ತಮ್ಮ ಹೆಸರಿನ ಮೇಲೆ ಒಂದು ತಪ್ಪು ದಾಖಲಾದರೆ ಪರ್ಮಿಟ್ಟು ಮೊದಲು ಹೋಗುವುದು ತಮ್ಮದೇ ಎಂಬ ಭಯ ಅವರಿಗೆ.

“ಚಕ್ಕಡಿ ಹೊರಳಿತ್ರಿ ಸಾಹೇಬ್ರ. ಹೆಣ್ಮಗಳ ಹೊಡಿತಿದ್ಲು. ಇನ್ನೇನ ಆಗತೈತಿ?” ಎಂದರು. ಡ್ರೈವರನನ್ನು ಕೇಸು ಮುಗಿಯುವ ತನಕ ಕೆಲಸದಿಂದ ಕೂರಿಸಿದ್ದೇನೆ ಎಂದೂ ಹೇಳಿದರು.

ಇಲ್ಲಿ ಒಂದು ವಿಷಯ ವಿವರಿಸಬೇಕು. ಶಿವಲಿಂಗಪ್ಪನವರು ಪೂರ್ತಿ ವಿಮೆ ಮಾಡಿಸಿದ್ದರು. ಹಾಗಾಗಿ ಬಸ್ಸಿಗಾದ ಹಾನಿಯನ್ನು ಕಂಪನಿ ಹೇಗೂ ತುಂಬಿಕೊಡುತ್ತಿತ್ತು. ಆದರೆ ಬಸ್ಸಿನಿಂದ ಬೇರೆಯವರಿಗಾದ ಹಾನಿ, ಎಂದರೆ ನಾವು ಥರ್ಡ್ ಪಾರ್ಟಿ ಎನ್ನುವುದು, ಬಸ್ಸಿನವನ ತಪ್ಪಿದ್ದರೆ ಮಾತ್ರ ಸಿಗುತ್ತಿತ್ತು. ಚಕ್ಕಡಿ ಹೊರಳಿದ್ದೇ ನಿಜವಾದರೆ ಆ ಹೆಣ್ಣುಮಗಳಿಗೆ ಏನೂ ಇಲ್ಲ. ಹೊರಳಿರದಿದ್ದರೆ ತಪ್ಪು ಡ್ರೈವರನದು. ಹುಕ್ಕೇರಿಯ ಕೋರ್ಟಿನಲ್ಲಿ ಅವನ ಲೈಸನ್ಸಿಗೇ ಕುತ್ತು.

ಬಸ್ಸು ಗೋಕಾಕದ ಒಂದು ಗ್ಯಾರೇಜಿನಲ್ಲಿ ನಿಂತಿತ್ತು. ಬಾಗಿದ ತಗಡನ್ನು ನೋಡಿದೆ. ಚಕ್ಕಡಿ ಬಲಕ್ಕೆ ಹೊರಳಿದ್ದರೆ ಗೀರು ಅಡ್ಡಡ್ಡ ಎಳೆದಂತೆ ಇರಬೇಕು. ಇಲ್ಲಿ ಪೆಟ್ಟು ನೇರವಾಗಿತ್ತು. ಡ್ರೈವರ್ ದಸ್ತಗೀರಸಾಬನೂ ಅಲ್ಲೇ ಇದ್ದ. ಸುಮಾರು ಮೂವತ್ತೈದು ವಯಸ್ಸು, ತೆಳ್ಳಗಿನ ಆಳು. ಕೆಲಸವಿಲ್ಲದಿದ್ದರೂ ದಿನಾ ಬಂದು ಬಸ್ಸಿನ ಗಾಜು ಒರೆಸಿ ಹೋಗುತ್ತಿದ್ದ. ಅವನನ್ನು ಪಕ್ಕಕ್ಕೆ ಕರೆದು ಚಕ್ಕಡಿ ಹೊರಳಿತೇ ಎಂದು ಕೇಳಿದೆ. ಅವನು ಒರೆಸುವ ಅರಿವೆಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದ.

“ಖರೆ ಹೇಳ್ಲೇನ್ರಿ? ಹೊರಳಿಲ್ರಿ. ಅದರ ಪಾಡಿಗೆ ಅದು ಬಾಜೂಕ ಹೊಂಟಿತ್ತು. ಹಿಂದಿನ ದಿನಾ ಎಲ್ಲಾ ಮದುವಿ ಬಾಡಿಗಿ ಹೊಡದಿದ್ದೆ. ಮಲಗಾಕ ಬಿಡದ ಮುಂಜಾನೆ ಮತ್ತ ಲೈನಿಗೆ ಹಚ್ಚಿದ್ರು. ಒಂದ ಗಳಿಗಿ ಕಣ್ಣ ಹತ್ತಿತ್ರಿ.”

“ಇದನ್ನ ಬರ್ಕೊಳ್ಳಲೇನು?”

“ಬರ್ಕೊರ್ರಿ,” ಎಂದ. ಮತ್ತೆ ಗಾಜಿನ ಕಡೆ ತಿರುಗಿ, “ಆ ಎತ್ತು ಹೆಂಗೈತ್ರಿ?” ಎಂದು ಕೇಳಿದ. ಎತ್ತಿನ ವಿಷಯ ಫಾರ್ಮಿನಲ್ಲಿ ಇರಲೇ ಇಲ್ಲ.

ಮರುವಾರ ಘೋಡಗೇರಿಗೆ ಹೋದೆ. ರೈಲು ನಿಲ್ದಾಣದ ತನಕ ಬಸ್ಸು, ಅಲ್ಲಿಂದ ಬಾಡಿಗೆ ಸೈಕಲ್ಲು. ಚಕ್ಕಡಿಯ ಗಂಗವ್ವನಿಗೆ ನಲವತ್ತು ದಾಟಿರಬಹುದು. ಗಂಡ ಭೀಮಪ್ಪನ ಕಣ್ಣು ಮಂಜಾದ ಮೇಲೆ ಹಗ್ಗ ತಾನೇ ಹಿಡಿದು, ಊರಿನವರ ಬೆಲ್ಲ, ಜೋಳವನ್ನು ನಿಲ್ದಾಣಕ್ಕೆ ಸಾಗಿಸಿ ಮನೆ ನಡೆಸುತ್ತಿದ್ದಳು. ಗಾಲಿಯನ್ನು ಊರ ಬಡಿಗ ಆಗಲೇ ರಿಪೇರಿ ಮಾಡಿದ್ದ. ಆದರೂ ಚಕ್ಕಡಿ ಅಂಗಳದಲ್ಲಿ ನೊಗ ಊರಿ ನಿಂತಿತ್ತು.

“ಗಾಲಿ ಬಿಡ್ರಿ, ಅದು ಕಟಗಿ,” ಎಂದಳು ಗಂಗವ್ವ. “ಬಲಗಡೆ ಕಟ್ಟೂ ಎತ್ತು, ಆ ಕೆಂದ, ಹಾದಿಗೆ ಬರವಲ್ಲದು. ಹೊಲದಾಗ ನಡಿತೈತಿ, ಊರಾಗ ನಡಿತೈತಿ. ಮೋಟಾರ ಸಪ್ಪಳ ಕೇಳಿದ್ರ ನಿಂತ ಬಿಡತೈತಿ.”

ಕೆಂದನನ್ನು ನೋಡಿದೆ. ಮೈ ತುಂಬಿದ ಕೆಂಪು ಎತ್ತು. ಗಾಯವಿಲ್ಲ, ಬಾವಿಲ್ಲ, ನಡಿಗೆಯಲ್ಲಿ ಕುಂಟಿಲ್ಲ. ಭೀಮಪ್ಪ ಗೋಡೆ ಹಿಡಿದು ಬಂದು ಎತ್ತಿನ ಬೆನ್ನು, ಭುಜ, ಕಾಲುಗಳ ಮೇಲೆ ಕೈ ಆಡಿಸಿದ.

“ಮೈಯಾಗ ಏನೂ ಇಲ್ರಿ ಸಾಹೇಬ್ರ. ದಿನಾ ಹಿಂಗ ನೋಡತೇನಿ. ಎದಿಯಾಗ ಐತಿ.”

ನನಗೆ ನಂಬಿಕೆ ಬರಲಿಲ್ಲ. ಹದಿನಾರು ವರ್ಷದಲ್ಲಿ ಎಷ್ಟೋ ಸುಳ್ಳು ನೋವುಗಳನ್ನು ನೋಡಿದ್ದೆ. ಗಂಗವ್ವ ಎತ್ತನ್ನು ಬಿಚ್ಚಿಕೊಂಡು ರಸ್ತೆಗೆ ಹೊರಟಳು. ನಾನು ಹಿಂದೆ ನಡೆದೆ. ಕಬ್ಬಿನ ಗದ್ದೆಯ ಅಂಚಿನಲ್ಲಿ ಬಹಳ ಹೊತ್ತು ನಿಂತೆವು. ದೂರದಲ್ಲಿ ಒಂದು ಲಾರಿಯ ಸದ್ದಾಯಿತು. ಅದು ನನ್ನ ಕಿವಿಗೆ ಬೀಳುವ ಮೊದಲೇ ಕೆಂದನ ಕಿವಿ ನೆಟ್ಟಗಾಗಿದ್ದವು. ಮೈಯ ಚರ್ಮ ನೀರಿನಂತೆ ಅಲುಗಿತು. ಲಾರಿ ಹತ್ತಿರವಾದಂತೆ ಅದು ನಿಂತಲ್ಲೇ ಉಚ್ಚೆ ಹೊಯ್ದು, ಮುಂಗಾಲು ಮಡಿಚಿ ಕೂತುಬಿಟ್ಟಿತು. ಲಾರಿ ಹೋಯಿತು, ಧೂಳು ಇಳಿಯಿತು, ಎತ್ತು ಏಳಲಿಲ್ಲ. ಗಂಗವ್ವ ಅದರ ಪಕ್ಕದಲ್ಲಿ ಕೂತು ಕೊರಳಡಿಯ ಗಂಗೆದೊಗಲು ಸವರುತ್ತಿದ್ದಳು.

ನನ್ನ ಫಾರ್ಮಿನಲ್ಲಿ ದನಕ್ಕೆ ಮೂರು ಕಾಲಮುಗಳಿದ್ದವು: ಸತ್ತಿದೆ, ಅಂಗ ಊನವಾಗಿದೆ, ಗಾಯವಾಗಿದೆ. ಹುಕ್ಕೇರಿಯಿಂದ ದನದ ಡಾಕ್ಟರನ್ನು ಕರೆಸಿ ತೋರಿಸಿದೆ. ಅವರು ಒಳ್ಳೆಯವರು, ಒಂದು ತಾಸು ನೋಡಿದರು. ಕೊನೆಗೆ “ಎತ್ತು ಸುಸ್ಥಿತಿಯಲ್ಲಿದೆ” ಎಂದು ಬರೆದುಕೊಟ್ಟರು. ಬೇರೇನು ಬರೆಯಲು ಸಾಧ್ಯವಿತ್ತು?

ಶಾಖೆಗೆ ಪತ್ರ ಬರೆದೆ. ಎಂಟು ದಿನಕ್ಕೆ ಉತ್ತರ ಬಂತು, ಒಂದೇ ಸಾಲು: ಹೆದರಿಕೆ ಗಾಯವಲ್ಲ, ಗಾಲಿಯ ಖರ್ಚು ಕೊಟ್ಟು ಡಿಸ್ಚಾರ್ಜ್ ಪಡೆಯಿರಿ. ಡಿಸ್ಚಾರ್ಜ್ ಎಂದರೆ, ನನಗೆ ಬರಬೇಕಾದದ್ದು ಬಂತು, ಇನ್ನು ಯಾವ ತಕರಾರೂ ಇಲ್ಲ ಎಂಬ ಕಾಗದ. ಅದಕ್ಕೆ ರುಜುವಾಗದೆ ಫೈಲು ಮುಚ್ಚುವಂತಿರಲಿಲ್ಲ.

ಮಾರ್ಚಿನ ಬಿಸಿಲಲ್ಲಿ ಆ ಕಾಗದ ಹಿಡಿದು ಮತ್ತೆ ಘೋಡಗೇರಿಗೆ ಹೋದೆ. ಕಂಪನಿಯ ಅಚ್ಚಿನ ಒಕ್ಕಣೆಯಲ್ಲಿ “ಜೀವ ಮತ್ತು ಜಾನುವಾರಿಗೆ ಯಾವುದೇ ಹಾನಿಯಾಗಿಲ್ಲ” ಎಂಬ ಸಾಲಿತ್ತು. ಗಂಗವ್ವನಿಗೆ ಓದಿ ಹೇಳಿದೆ. ಅವಳು ಶಾಯಿಯ ಪೆಟ್ಟಿಗೆಯನ್ನು ನನ್ನ ಕಡೆಗೇ ಸರಿಸಿದಳು.

“ಎತ್ತಿಗೆ ಏನೂ ಆಗಿಲ್ಲ ಅಂತ ನಾ ಹೆಬ್ಬಟ್ಟ ಒತ್ತಬೇಕೇನ್ರಿ? ನೀವs ನೋಡೀರಿ. ಸುಳ್ಳಿಗೆ ನನ್ನ ಬೆರಳ ಕೊಡಂಗಿಲ್ರಿ.”

ಗಾಲಿಯ ಖರ್ಚಾದರೂ ಕೈಗೆ ಬರುತ್ತದೆ ಎಂದೆ. ಬ್ಯಾಡ ಎಂದಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ ಎಂದು ಈಗ ಹೇಳಬಲ್ಲೆ. ಆಗ ಅವಳ ಮೇಲೆಯೇ ಬಂದಿತ್ತು. ಕಾಗದ ಚೀಲಕ್ಕೆ ತುರುಕಿ, ಚಹ ಕುಡಿಯಿರಿ ಎಂದದ್ದಕ್ಕೂ ನಿಲ್ಲದೆ ಬಂದುಬಿಟ್ಟೆ. ಕಚೇರಿಯ ಕುರ್ಚಿಗಾಗಿ ಮೂರನೆಯ ಅರ್ಜಿ ಬರೆದದ್ದು ಆ ವಾರವೇ; ಅದಕ್ಕೂ ಉತ್ತರ ಬರಲಿಲ್ಲ.

ಮತ್ತೊಂದು ವಾರ ಕಳೆದು, ಅದೇ ಕಾಗದ ಹಿಡಿದು ಘೋಡಗೇರಿಗೆ ಹೋದ ದಿನ ಸೋಮವಾರವಾಗಿತ್ತು. ಆ ದಿನ ಅಲ್ಲಿ ಯಾರೂ ಎತ್ತಿಗೆ ನೊಗ ಹಾಕುವುದಿಲ್ಲ, ಬಸವಣ್ಣನ ವಾರ. ಮೇವು ಹಾಕುವ ಗೋದಲಿಯ ಹತ್ತಿರ ದಸ್ತಗೀರಸಾಬ ಕೂತಿದ್ದ. ಅವನ ತೊಡೆಯ ಮೇಲೆ ಬಸ್ಸಿನ ಹಾರ್ನು ಇತ್ತು, ರಬ್ಬರಿನ ಚೆಂಡು ಒತ್ತಿದರೆ ಕೂಗುವಂಥದ್ದು. ಎರಡು ಮಾರು ಆಚೆ ಕೆಂದ ಕಣಕಿ ಮೇಯುತ್ತಿತ್ತು.

“ಇಲ್ಲೇನ ಮಾಡಾಕತ್ತೀಯೋ?” ಎಂದೆ.

“ಪರಿಚಯ ಮಾಡಸಾಕತ್ತೇನ್ರಿ,” ಎಂದ, ದನಿ ತಗ್ಗಿಸಿ.

ಇದು ಅವನ ನಾಲ್ಕನೆಯ ಬರವು ಎಂದು ಗಂಗವ್ವ ಹೇಳಿದಳು. ಮೊದಲ ದಿನ ಬಂದು ಬಾಗಿಲಲ್ಲಿ ನಿಂತು “ಅಕ್ಕಾರ, ಗುದ್ದಿದಾಂವ ನಾನs,” ಎಂದನಂತೆ. ಅವಳು ಬೈದು ಕಳಿಸಿದಳು. ಎರಡನೆಯ ಸಲ ಬಂದಾಗ ಬೈಯಲು ಬೇಜಾರಾಗಿ ನೀರು ಕೊಟ್ಟಳು. ಮೊದಲು ಹಾರ್ನನ್ನು ಬರಿದೆ ಮೇವಿನ ಪಕ್ಕ ಇಟ್ಟ. ಆಮೇಲೆ ಅದಕ್ಕೆ ಅರಿವೆ ತುಂಬಿ ಮೆಲ್ಲಗೆ ಒತ್ತಿದ. ಈಗ ಅರಿವೆ ತೆಗೆದಿದ್ದ. ನಾನು ನೋಡುತ್ತಿದ್ದಂತೆ ಒಮ್ಮೆ ಒತ್ತಿದ. ಕೆಂದ ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿತು. ಕೂರಲಿಲ್ಲ. ಬಹಳ ಹೊತ್ತಿನ ಮೇಲೆ ಮತ್ತೆ ಬಾಯಿ ಹಾಕಿತು.

“ಹಾರ್ನಿಗೆ ಅಂಜೂದ ಬಿಟ್ಟೈತ್ರಿ. ಇಂಜಿನ್ನಿನ ಸಪ್ಪಳಕ್ಕ ಬಿಟ್ಟಿಲ್ಲ,” ಎಂದ ದಸ್ತಗೀರಸಾಬ. “ಅದಕ ಬಸ್ಸs ಬೇಕು. ಮಾಲಕರು ಕೊಡಂಗಿಲ್ಲ.”

ನನ್ನ ಇಡೀ ನೌಕರಿಯಲ್ಲಿ ಇಲ್ಲದ ಅಧಿಕಾರ ಚಲಾಯಿಸಿದ್ದು ಒಂದೇ ಸಲ, ಅದು ಆಗ. ಶಿವಲಿಂಗಪ್ಪನವರಿಗೆ ಪತ್ರ ಕಳಿಸಿದೆ: ಅಂತಿಮ ಸರ್ವೇಗಾಗಿ ರಿಪೇರಿಯಾದ ಬಸ್ಸನ್ನು ಅಪಘಾತವಾದ ಸ್ಥಳಕ್ಕೆ ತರಬೇಕು, ಅದೇ ಡ್ರೈವರ್ ಇರಬೇಕು, ಚಕ್ಕಡಿಯೂ ಅಲ್ಲಿ ಇರತಕ್ಕದ್ದು. ಅಂಥ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಂಪನಿಯ ಮುದ್ರೆ ನೋಡಿ ಅವರು ಒಪ್ಪಿದರು.

ಒಂದು ಮುಂಜಾನೆ ಎಂಟು ಗಂಟೆಗೆ ಬಸ್ಸು ಅಲ್ಲಿ ಬಂದು ನಿಂತಿತು. ಗಂಗವ್ವ ಜೋಡೆತ್ತು ಕಟ್ಟಿದ ಚಕ್ಕಡಿಯನ್ನು ಎದುರಿನಿಂದ ತಂದಳು. ಭೀಮಪ್ಪ ಹಿಂದೆ ಕೂತಿದ್ದ. ಇಂಜಿನ್ ಚಾಲೂ ಆಯಿತು. ಕೆಂದ ನಿಂತಿತು. ಮೈ ಅಲುಗಿತು. ಮುಂಗಾಲು ಬಾಗತೊಡಗಿದವು. ಜೊತೆಯ ಎತ್ತು ನೊಗದಡಿ ವಾಲಿತು, ಚಕ್ಕಡಿ ಓರೆಯಾಯಿತು. ಸಾಕು ಮಾಡೋಣ ಎಂದು ನಾನು ಕೈ ಎತ್ತಿದೆ.

ಆಗ ದಸ್ತಗೀರಸಾಬ ಇಂಜಿನ್ನನ್ನು ಹಾಗೆಯೇ ಬಿಟ್ಟು ಇಳಿದು ಬಂದ. ಬಸ್ಸಿಗೂ ಎತ್ತಿಗೂ ನಡುವೆ ನಿಂತು ಅದರ ಬಲ ಭುಜಕ್ಕೆ ತನ್ನ ಮೈ ಆನಿಸಿದ. “ನಡಿಯೋ ಮಾರಾಯಾ, ನಾ ಇಲ್ಲೇ ಅದೇನಿ. ಅಲ್ಲಿ ಯಾರೂ ಇಲ್ಲ,” ಎಂದ. ಗಂಗವ್ವ ಹಗ್ಗ ಎಳೆಯಲಿಲ್ಲ, ಬಾರುಕೋಲು ಮುಟ್ಟಲಿಲ್ಲ. ಕೆಂದ ಒಂದು ಹೆಜ್ಜೆ ಇಟ್ಟಿತು. ನಿಂತಿತು. ಇನ್ನೊಂದು ಇಟ್ಟಿತು. ಹಾಗೆ ಮುಂದಿನ ಚಕ್ರ, ಹಿಂದಿನ ಚಕ್ರ ದಾಟಿ, ಬಸ್ಸಿನ ಬಾಲದಿಂದಾಚೆ ಹೋಯಿತು. “ದಾಟಿತೇನ?” ಎಂದು ಭೀಮಪ್ಪ ಕೂಗಿದ. “ದಾಟಿತ್ರೀ,” ಎಂದಳು ಗಂಗವ್ವ.

ನಾನು ಡಿಸ್ಚಾರ್ಜ್ ಕಾಗದದ ಅಚ್ಚಿನ ಸಾಲು ಹೊಡೆದುಹಾಕಿ ಕೈಯಿಂದ ಬರೆದೆ: “ಎತ್ತು ಹೆದರಿತ್ತು. ಹೆದರಿಕೆ ಪೂರ್ತಿ ಹೋಗಿಲ್ಲ.” ಓದಿ ಹೇಳಿದೆ. “ಹಾಂ, ಇದು ಖರೆ,” ಎಂದು ಗಂಗವ್ವ ಹೆಬ್ಬೆಟ್ಟು ಒತ್ತಿದಳು. ಶಾಖೆಯವರು ನನಗೆ ತಾಕೀತು ಬರೆದರು, ಆದರೆ ಗಾಲಿಯ ಖರ್ಚು ಮಂಜೂರಾಯಿತು.

ಎಲ್ಲವೂ ಸುಖಾಂತವಾಗಲಿಲ್ಲ. ಹುಕ್ಕೇರಿಯ ಕೋರ್ಟಿನಲ್ಲಿ ದಸ್ತಗೀರಸಾಬ ತಪ್ಪೊಪ್ಪಿಕೊಂಡ. ದಂಡ ಬಿತ್ತು, ಮೂರು ತಿಂಗಳು ಲೈಸನ್ಸು ಹೋಯಿತು. ನಿದ್ದೆ ಕೊಡದೆ ಓಡಿಸಿದ್ದರು ಎಂದು ನಾನು ವರದಿಯಲ್ಲಿ ಬರೆದಿದ್ದೆ. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ. ಶಿವಲಿಂಗಪ್ಪನವರು ಅವನನ್ನು ಮತ್ತೆ ತೆಗೆದುಕೊಳ್ಳಲಿಲ್ಲ. ಅವನು ಮಿರಜದ ಕಡೆ ಲಾರಿ ಹೊಡೆಯಲು ಹೋದನೆಂದು ಆಮೇಲೆ ಗೊತ್ತಾಯಿತು. ಕೆಂದನ ಅಂಜಿಕೆಯೂ ಅರ್ಧವೇ ಹೋಯಿತು. ಬಲಗಡೆ ಯಾರಾದರೂ ನಡೆದರೆ ಮಾತ್ರ ಅದು ಮೋಟಾರಿನ ಎದುರು ಹೋಗುತ್ತಿತ್ತು. ಅದಕ್ಕೇ ಮುಂದೆ ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಗಂಗವ್ವ ತನ್ನ ಚಕ್ಕಡಿಯಲ್ಲಿ ಕೂರದೆ, ನಿಲ್ದಾಣದ ತನಕ ಎತ್ತಿನ ಭುಜಕ್ಕೆ ಕೈ ಹಚ್ಚಿ ನಡೆಯುತ್ತಿರುವುದನ್ನು ಕಾಣುತ್ತಿದ್ದೆ. ಹೋಗುತ್ತ ಆರು ಮೈಲಿ, ಬರುತ್ತ ಆರು ಮೈಲಿ.

ಆ ನಡಿಗೆಗೆ ಯಾವ ಕಂಪನಿಯೂ ಏನೂ ಕೊಡಲಾರದು. ಆದರೆ ಅಂದಿನಿಂದ ನಿವೃತ್ತಿಯ ತನಕ ಪ್ರತಿ ಸರ್ವೇಯಲ್ಲಿ ಫಾರ್ಮು ಮುಗಿಸಿದ ಮೇಲೆ ಪೆನ್ನು ಮುಚ್ಚಿ ಒಂದು ಪ್ರಶ್ನೆ ಕೇಳುತ್ತಿದ್ದೆ: “ಅದಾದ ಮೇಲೆ ಮನೆಯಲ್ಲಿ ಏನು ಬದಲಾಯಿತು?” ಉತ್ತರಗಳಿಗೆ ಬಹುಮಟ್ಟಿಗೆ ಪರಿಹಾರವಿರುತ್ತಿರಲಿಲ್ಲ. ಕೇಳಿದ್ದಕ್ಕೆ ನನ್ನ ದಣಿವು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಹಾನಿ ತುಂಬಿಕೊಡುವುದು ಬೇರೆ, ಹಾನಿಯಾಗಿದೆ ಎಂದು ಒಪ್ಪಿಕೊಳ್ಳುವುದು ಬೇರೆ; ಮೊದಲನೆಯದು ಕೈಲಾಗದಿದ್ದಾಗ ಎರಡನೆಯದನ್ನೂ ತಪ್ಪಿಸಬಾರದು. ಈ ಕೆಲಸ ನನಗೆ ಕಲಿಸಿದ್ದು ಅಷ್ಟು.